ಈಗಷ್ಟೇ ಹಣ್ಣಾಗಿದೆ, ಮಾರಾಯ!

ಬಾಳೆಹಣ್ಣು ಹಳದಿಯಾಗಿದ್ದಾಗ ನಮ್ಮ ಮಾವ ಅದರತ್ತ ತಿರುಗಿಯೂ ನೋಡುವವರಲ್ಲ. ಸಿಪ್ಪೆ ಕಪ್ಪಾಗಿ, ತೊಟ್ಟು ಕಳಚಿ, ನೊಣ ಮುತ್ತಿದ ಮೇಲೆ ಅವರ ಕಣ್ಣು ಅರಳುತ್ತದೆ. ನಾನು ಬಿಸಾಡಲು ಎತ್ತಿದೆನೋ, “ಎಂತದೋ, ಈಗಷ್ಟೇ ಹಣ್ಣಾಗಿದೆ ಮಾರಾಯ!”

ಇಂಥವರು ಮನೆಗೊಬ್ಬರು ಇರುತ್ತಾರೆ. ದಾರದ ತುಂಡು, ಮದುವೆ ಕಾಗದದ ಹಿಂಬದಿ, ಹಾಲಿನ ಪ್ಯಾಕೆಟ್ಟು, ಯಾವುದನ್ನೂ ಬಿಡರು. ನಮ್ಮವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಹಾಗಾಗಿ ಶಾಸ್ತ್ರಾಧಾರವೂ ಉಂಟು. 1923ರಲ್ಲಿ ಅಲ್ಲಿನ ಕುಲುಮೆ ಉರಿದದ್ದು ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದ. ಇದ್ದಿಲು ಮಾಡುವಾಗ ಎದ್ದ ಹೊಗೆಯಿಂದಲೂ ಸ್ಪಿರಿಟ್ಟು, ಟಾರು ಇಳಿಸುತ್ತಿದ್ದರು. “ವಿಶ್ವೇಶ್ವರಯ್ಯನವರ ಕಾರ್ಖಾನೇಲಿ ಹೊಗೇನೂ ದಂಡ ಆಗ್ಲಿಲ್ಲ, ನಿಂಗೆ ಹಣ್ಣು ದಂಡವಾ?”

ಶಿವಮೊಗ್ಗದ ನಮ್ಮ ಮನೆಗೆ ಬಂದರೆಂದರೆ ವಾರ ಕೂರುತ್ತಿದ್ದರು. ಗಾಂಧಿ ಬಜಾರಿನಲ್ಲಿ ಅಂಗಡಿ ಮುಚ್ಚುವ ಹೊತ್ತಿಗೆ ಹೋಗಿ, ಯಾರೂ ಮೂಸದ ಪುಟ್ಟಬಾಳೆ ಚಿಪ್ಪುಗಳನ್ನು ಅರ್ಧ ಬೆಲೆಗೆ ತರುವುದು. ರಾತ್ರಿ ಅಡುಗೆಮನೆ ಅವರದೇ. ಹಣ್ಣು ಕಿವುಚಿ ಸಕ್ಕರೆ, ಮೊಸರು, ಜೀರಿಗೆ, ಚಿಟಿಕೆ ಸೋಡಾ, ಹಿಡಿಸಿದಷ್ಟು ಮೈದಾ. ನೀರು ಮಾತ್ರ ಒಂದು ಹನಿಯೂ ಇಲ್ಲ. ಬೆಳಿಗ್ಗೆ ಬನ್ಸು. ಮೊದಲ ದಿನ ಸ್ವರ್ಗ. ಮರುದಿನ ರಸಾಯನ, ಅದರ ಮರುದಿನ ಮುಳುಕ, ಆಮೇಲೆ ಹಲ್ವ. ಸಿಪ್ಪೆಯೆಲ್ಲ ಗುಲಾಬಿ ಬುಡಕ್ಕೆ.

ತಡೆಯಲಾರದೆ ನಾನು ನಸುಕಿನಲ್ಲಿ ಕಳ್ಳನ ಹಾಗೆ ಬೀದಿ ಹಸುವಿಗೆ ಹಣ್ಣು ಸಾಗಿಸತೊಡಗಿದೆ. ಮೂರೇ ದಿನಕ್ಕೆ ಅದು ನನ್ನ ಸ್ಕೂಟರಿನ ಸದ್ದಿಗೇ ಓಡಿಬರಲು ಕಲಿಯಿತು. ಜಗುಲಿಯಲ್ಲಿ ಪೇಪರ್ ಓದುತ್ತಿದ್ದ ಮಾವ ಕನ್ನಡಕದ ಮೇಲಿಂದ ನೋಡಿ, “ಎಂತದೋ, ಅದು ನಿನ್ನ ಜೇಬು ಮೂಸ್ತಾ ಇದ್ಯಲ್ಲ?” ಎಂದರು. ಬೈಯಲಿಲ್ಲ. ಅಂದು ನನ್ನ ತಟ್ಟೆಗೆ ಎರಡು ಬನ್ಸು ಹೆಚ್ಚು ಬಿತ್ತು.

2023ರಲ್ಲಿ ಕಾರ್ಖಾನೆ ಮುಚ್ಚುತ್ತಾರೆಂಬ ಸುದ್ದಿ ಬಂದ ದಿನ ಅವರು ಮಾತೇ ಆಡಲಿಲ್ಲ. ಆ ಪೇಪರನ್ನೂ ಎಂದಿನಂತೆ ನೀಟಾಗಿ ಮಡಿಸಿ, ಅಡುಗೆಮನೆ ಕಪಾಟಿನ ತಳಕ್ಕೆ ಹಾಸಿದರು.

ಈಗ ಮಂಡಿನೋವು, ಬಸ್ಸು ಹತ್ತಲಾರರು. ಮೊನ್ನೆ ಸತ್ಯನಾರಾಯಣ ಪೂಜೆಯ ಹಣ್ಣು ಮೂಲೆಯಲ್ಲಿ ಕಪ್ಪಾಗಿತ್ತು. ಬಿಸಾಡಲು ಕೈ ಬರಲಿಲ್ಲ. ಕಿವುಚಿ, ಕಲಸಿ, ಭದ್ರಾವತಿಗೆ ಫೋನು ಮಾಡಿದೆ.

“ನೀರು ಹಾಕ್ಲಿಲ್ಲ ತಾನೆ?”

“ಇಲ್ಲ ಮಾವ,” ಎಂದೆ, ಪಾಯಸದಂತಿದ್ದ ಹಿಟ್ಟನ್ನು ನೋಡುತ್ತ. ಗೇಟಿನ ಹತ್ತಿರ ಹಸು ಆಗಲೇ ಬಂದು ನಿಂತಿತ್ತು.