ತ್ರಿಕೋನ ಶಾಲಿನ ತೂತುಗಳು: ಸಗರನಾಡಿನ ಪುಷ್ಪಹೆಣಿಗೆಯ ಕುರಿತು ಒಂದು ಅನಗತ್ಯ ಅಧ್ಯಯನ

ಬೇಸಿಗೆಯಲ್ಲಿ ಪಾದರಸ 42 ಡಿಗ್ರಿ ಮುಟ್ಟುವ ಶಹಾಪುರದಲ್ಲಿ ಉಲನ್ ಶಾಲು ಯಾರಿಗೆ ಬೇಕು ಎಂದು ಕೇಳುವವರನ್ನು ವಿದ್ವತ್ತಿನ ಹೊಸ್ತಿಲ ಆಚೆಗೇ ನಿಲ್ಲಿಸಬೇಕಾಗುತ್ತದೆ. ಶಾಲಿಗೂ ಚಳಿಗೂ ಸಂಬಂಧವಿದೆ ಎಂಬುದು ಶೀತದೇಶದವರು ಹಬ್ಬಿಸಿದ ಭ್ರಮೆ. ಕಲ್ಯಾಣ ಕರ್ನಾಟಕದಲ್ಲಿ ಚಳಿಗೆ ಕೌದಿ ಇದೆ, ಮಳೆಗೆ ಕಂಬಳಿ ಇದೆ. ಶಾಲು ಇರುವುದು ಸನ್ಮಾನಕ್ಕೆ. ಅದನ್ನು ಯಾರೂ ತಾವಾಗಿ ಹೊದ್ದುಕೊಳ್ಳುವುದಿಲ್ಲ. ಇನ್ನೊಬ್ಬರು ಹೊದಿಸುತ್ತಾರೆ, ಫೋಟೋ ತೆಗೆಯುವವರೆಗೆ ಬೆವರುತ್ತ ನಿಲ್ಲಬೇಕು, ಆಮೇಲೆ ಮಡಚಿ ಕಂಕುಳಲ್ಲಿ ಇಟ್ಟುಕೊಳ್ಳಬೇಕು. ಹೀಗಿರುವಾಗ ಗಾಳಿಯಾಡುವ ಶಾಲೊಂದನ್ನು ಮೊದಲು ಕಲ್ಪಿಸಿಕೊಳ್ಳಬೇಕಾದವರು ಶಹಾಪುರದವರೇ ಹೊರತು ಸ್ಕಾಟ್ಲೆಂಡಿನವರಲ್ಲ ಎಂಬುದು ಈ ಪ್ರಬಂಧದ ಮೊದಲ ಪ್ರಮೇಯ. ಇದಕ್ಕೆ ಪುರಾವೆ ಇಲ್ಲ. ಪುರಾವೆ ಇದ್ದಿದ್ದರೆ ಪ್ರಬಂಧದ ಅಗತ್ಯವೂ ಇರುತ್ತಿರಲಿಲ್ಲ.

ಅಧ್ಯಯನದ ವಸ್ತು ಇಷ್ಟು: ನಮ್ಮ ಮಗ್ಗುಲ ಮನೆಯ ಕಾಕಿ ಹೂವಿನ ವಿನ್ಯಾಸದ, ಮೂರು ಮೂಲೆಯ, ತೂತು ತೂತಾದ ಒಂದು ಶಾಲನ್ನು ಎರಡು ಕಡ್ಡಿಗಳಲ್ಲಿ ಹೆಣೆಯುತ್ತಿದ್ದರು. ಕ್ಷೇತ್ರಕಾರ್ಯವೆಂದರೆ ಅವರ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುವುದು. ಅದನ್ನು ನಾವು ನಿಷ್ಠೆಯಿಂದ ಮಾಡಿದ್ದೇವೆ.

ಪೂರ್ವಪಕ್ಷದವರ ವಾದವನ್ನು ಮೊದಲು ಕೇಳೋಣ. ಉತ್ತರ ಸಮುದ್ರದ ಶೆಟ್‌ಲ್ಯಾಂಡ್ ದ್ವೀಪದವರು, ರಷ್ಯಾದ ಓರೆನ್‌ಬುರ್ಗಿನವರು ಇಂಥ ಶಾಲುಗಳಿಗೆ ಹೆಸರಾದವರು. ಅವರ ಶಾಲು ಎಷ್ಟು ತೆಳುವೆಂದರೆ ಇಡೀ ಶಾಲನ್ನು ಮದುವೆಯ ಉಂಗುರದೊಳಗಿಂದ ಎಳೆದು ತೆಗೆಯಬಹುದು. ಅದೇ ಅವರ ಗುಣಪರೀಕ್ಷೆ. ಈ ಪರೀಕ್ಷೆಯನ್ನು ನಾವು ಸ್ಥಳೀಯಗೊಳಿಸಿದೆವು. ನಮ್ಮಲ್ಲಿ ಮದುವೆಯ ಉಂಗುರವೆಂದರೆ ಕಾಲುಂಗುರ. ಅದರ ತುದಿಗಳು ಕೂಡಿರುವುದಿಲ್ಲವಾದ್ದರಿಂದ ಶಾಲು ಒಳಗಿಂದ ಹಾಯದೆ ಸಂದಿಯಿಂದ ಜಾರಿ ಹೊರಬಂತು. ಪರೀಕ್ಷೆಯಲ್ಲಿ ಶಾಲು ಪಾಸಾಯಿತೋ, ನಪಾಸಾಯಿತೋ, ಇಲ್ಲ ಪರೀಕ್ಷೆಯೇ ನಪಾಸಾಯಿತೋ ಎಂಬುದು ತೀರ್ಮಾನವಾಗಿಲ್ಲ. ಎಸ್ಟೋನಿಯಾದ ಹಾಪ್ಸಾಲು ಎಂಬ ಊರಿನ ಹೆಂಗಸರು ಲಿಲಿ ಆಫ್ ದಿ ವ್ಯಾಲಿ ಎಂಬ ಪುಟ್ಟ ಗಂಟೆಹೂಗಳನ್ನು ಶಾಲಿಗೆ ಇಳಿಸಿ, ಮೊಗ್ಗಿನ ಜಾಗದಲ್ಲಿ ನೂಲಿನ ಗುಬ್ಬಿಗಳನ್ನು ಉಬ್ಬಿಸಿ ಕೂರಿಸುತ್ತಾರೆ. ತೋಟದ ಹೂ ಶಾಲಿಗೆ ಬರುವ ವಿದ್ಯೆ ಅವರದೇ ಎಂದು ಪೂರ್ವಪಕ್ಷ.

ಇನ್ನು ಸುರಪುರಪಕ್ಷ: ಈ ವಿದ್ಯೆ ಬ್ರಿಟಿಷರ ಜೊತೆ ಸುರಪುರಕ್ಕೆ ಬಂತೆಂಬ ವಾದ. ಎಡಿನ್‌ಬರೋದಲ್ಲಿ ಜೇನ್ ಗೋಗೇನ್ ಎಂಬಾಕೆ ಹೆಣಿಗೆಯ ಪುಸ್ತಕವನ್ನು ಅಚ್ಚು ಹಾಕಿಸಿದ್ದು 1840ರಲ್ಲಿ. ಫಿಲಿಪ್ ಮೆಡೋಸ್ ಟೇಲರ್ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಬಂದದ್ದು 1841ರಲ್ಲಿ. ಒಂದೇ ವರ್ಷದ ಅಂತರ! ಇಷ್ಟು ಸಾಮೀಪ್ಯ ಸಿಕ್ಕರೆ ನಮ್ಮ ಕೆಲವು ಮಿತ್ರರು ಮೂರು ಸಂಪುಟ ಬರೆಯುತ್ತಾರೆ. ಸುರಪುರದಲ್ಲಿ ಆತನ ಬಂಗಲೆಯಾಗಿದ್ದ ಟೇಲರ್ ಮಂಜಿಲಿನಲ್ಲಿ ಒಂದೇ ಒಂದು ಹೆಣಿಗೆ ಕಡ್ಡಿ ಸಿಕ್ಕಿದ್ದರೂ ನಾವು ಅವರ ಜೊತೆ ಹೋಗುತ್ತಿದ್ದೆವು. ಸಿಗದಿದ್ದರಿಂದ ಈ ಪಕ್ಷವನ್ನು ಗೌರವದಿಂದ ಬದಿಗಿಡುತ್ತೇವೆ.

ಸಿದ್ಧಾಂತಪಕ್ಷ ನಮ್ಮದು, ಅದರ ಮೂಲ ಮುದನೂರಿನಲ್ಲಿದೆ. ಆದ್ಯ ವಚನಕಾರರೆಂದು ಹೆಸರಾದ ಜೇಡರ ದಾಸಿಮಯ್ಯನವರ ಊರು ಅದು, ನಮ್ಮದೇ ಜಿಲ್ಲೆ. ಅವರು ನೇಯ್ದು ಮಾರಲು ಒಯ್ದ ವಸ್ತ್ರವನ್ನು ಮುದುಕನ ವೇಷದಲ್ಲಿ ಬಂದ ಶಿವ ಹರಿದು ಚಿಂದಿ ಮಾಡಿದನೆಂದೂ, ದಾಸಿಮಯ್ಯನವರು ಸಿಟ್ಟಾಗದೆ ಉಪಚರಿಸಿದ್ದಕ್ಕೆ ಅಕ್ಷಯವಾದ ತವನಿಧಿ ಒಲಿಯಿತೆಂದೂ ಕಥೆ. ಇದನ್ನು ಇದುವರೆಗೆ ಭಕ್ತಿಯ ದೃಷ್ಟಿಯಿಂದ ಮಾತ್ರ ಓದಲಾಗಿದೆ. ಹೆಣಿಗೆಯ ದೃಷ್ಟಿಯಿಂದ ಓದಿದರೆ, ಬಟ್ಟೆಯಲ್ಲಿ ತೂತು ಬಿದ್ದಾಗ ಅದನ್ನು ನಷ್ಟವೆನ್ನದೆ ಪ್ರಾಪ್ತಿಯೆಂದು ತಿಳಿದ ಮೊದಲ ನಿದರ್ಶನ ನಮ್ಮ ಈ ಸೀಮೆ ಸಗರನಾಡಿನದು. ತೂತು ಹಾಕಿದವನು ಸಾಕ್ಷಾತ್ ಪರಶಿವ. ಶೆಟ್‌ಲ್ಯಾಂಡಿನವರು ಇದಕ್ಕಿಂತ ದೊಡ್ಡ ಮೂಲಪುರುಷನನ್ನು ತೋರಿಸಲಿ, ನಾವು ಸುಮ್ಮನಾಗುತ್ತೇವೆ.

ಈ ವಾದವನ್ನು ಕಾಕಿಯ ಮುಂದೆ ಮಂಡಿಸಿದಾಗ ಅವರು ಕಡ್ಡಿ ನಿಲ್ಲಿಸದೆ ಹೇಳಿದರು: “ಅವರದು ಮಗ್ಗ, ತಮ್ಮಾ. ಹಾಸು ಬ್ಯಾರೆ, ಹೊಕ್ಕು ಬ್ಯಾರೆ. ಹರದ್ರ ಎಷ್ಟು ಹರೀತದೋ ಅಷ್ಟ. ನಂದು ಒಂದ ನೂಲು. ಒಂದು ಕುಣಿಕಿ ಜಾರಿತಂದ್ರ ಕೆಳಗಿನವು ಎಲ್ಲಾ ಸರಸರ ಬಿಚ್ಚತಾವ. ಶಿವ ಇದನ್ನ ಹರೀಲಕ ಬಂದಿದ್ರ ಅವನ ಕೈಯಾಗ ಉಲನ್ ಉಂಡಿ ಅಷ್ಟ ಉಳೀತಿತ್ತು.” ಸಿದ್ಧಾಂತಪಕ್ಷಕ್ಕೆ ಇದರಿಂದ ಸ್ವಲ್ಪ ಧಕ್ಕೆಯಾಗಿದೆ. ಮುಂದಿನ ಆವೃತ್ತಿಯಲ್ಲಿ ಪರಿಶೀಲಿಸಲಾಗುವುದು.

ಮೂರು ಮೂಲೆಗೂ ಹೂವಿಗೂ ಇರುವ ನಂಟಿಗೆ ಕರ್ನಾಟಕದ್ದೇ ಗಟ್ಟಿಯಾದ ಆಧಾರವೊಂದಿದೆ. ಇದರಲ್ಲಿ ಅಣಕವೇನೂ ಇಲ್ಲ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರು ಹಳೆ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿಯುವಾಗ ಅಂಚಿನಿಂದ ಆರಂಭಿಸಿ ನಡುವಿನ ಕಡೆ ಸಾಗುತ್ತಾರೆ. ನಾಲ್ಕೂ ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ, ಪದರದ ಮೇಲೆ ಪದರವಿಟ್ಟು ಹೊಲಿಯುತ್ತಾರೆ. ಅವರ ಪಾಲಿಗೆ ಅದು ಹೂ, ಫುಲಾ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಯಲ್ಲಾಪುರ, ಹಳಿಯಾಳದ ಈ ಅಜ್ಜಿಯಂದಿರು ಯಾವ ಪ್ರಬಂಧವನ್ನೂ ಓದದೆ ತ್ರಿಕೋನವೇ ಹೂವೆಂದು ನಿರ್ಧರಿಸಿಬಿಟ್ಟಿದ್ದಾರೆ. ನಮಗೆ ಇದರಿಂದ ಆಗಿರುವ ಕಿರಿಕಿರಿ ಅಷ್ಟಿಷ್ಟಲ್ಲ.

ನೂಲಿನ ವಿಷಯವನ್ನು ಬೇಗ ಮುಗಿಸುತ್ತೇನೆ. ದಖ್ಖನಿ ಕುರಿಯ ಕರಿಯುಣ್ಣೆಯಿಂದ ಕಂಬಳಿಯಾಗುತ್ತದೆ. ಹಾಸುನೂಲಿಗೆ ಹುಣಸೆಬೀಜದ ಸರಿ ಬಳಿದು ಬಿಗಿ ಮಾಡುತ್ತಾರೆ. ಆ ಉಣ್ಣೆಯಲ್ಲಿ ಹೂ ಹೆಣೆದರೆ ಹೂವಿಗಿಂತ ಮುಳ್ಳೇ ಹೆಚ್ಚು ಚುಚ್ಚುತ್ತದೆ. ಸುತ್ತ ಎಲ್ಲ ಹತ್ತಿಯ ಹೊಲ, ಆದರೆ ಹತ್ತಿ ನೂಲಿಗೆ ಉಣ್ಣೆಯ ಹಾಗೆ ಹಿಗ್ಗಿ ನಿಲ್ಲುವ ಗುಣವಿಲ್ಲ, ಎಳೆದು ಒಣಗಿಸಿದ ಆಕಾರವನ್ನು ಬೇಗ ಮರೆಯುತ್ತದೆ. ಬಳೆ ಅಂಗಡಿಯಲ್ಲಿ ಉಲನ್ ಎಂದು ಮಾರುವುದು ಬಹುಪಾಲು ಅಕ್ರಿಲಿಕ್. ಕುರಿಗೂ ಅದಕ್ಕೂ ಮುಖಪರಿಚಯವೂ ಇಲ್ಲ. ಕಾಕಿ ಆರಿಸಿಕೊಂಡದ್ದು ಅದನ್ನೇ, ತಿಳಿಗುಲಾಬಿ ಬಣ್ಣದ್ದು. ಕಡ್ಡಿಗಳು ಸೈಕಲ್ ಚಕ್ರದವು.

ಈಗ ಹೂವಿಗೆ ಬರೋಣ. ವಿದ್ವತ್ತು ನಿಜವಾಗಿ ಬೆವರಬೇಕಾದದ್ದು ಇಲ್ಲೇ.

ತೋಟದ ಹೂಗಳಿಂದ ಪ್ರೇರಿತ ಶಾಲು ಎಂದಾಗ ಯಾರ ತೋಟ ಎಂಬ ಪ್ರಶ್ನೆ ಏಳುತ್ತದೆ. ಶಹಾಪುರದ ಅಂಗಳದಲ್ಲಿ ಯಾವ ಹೂ ಇರಬೇಕೆಂದು ನಿರ್ಧರಿಸುವುದು ಮನೆಯ ಯಜಮಾನಿಯಲ್ಲ, ಓಣಿಯ ಆಡು. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಕಟ್ಟಿದವರು ಕಣಗಿಲೆಯನ್ನು ನೋಡಿರಲಿಕ್ಕಿಲ್ಲ. ಅದರ ಎಲೆ, ತೊಗಟೆ, ಹೂ ಎಲ್ಲವೂ ವಿಷ. ಎಂಥ ಆಡೂ ಅದರ ಮುಂದೆ ತಲೆ ತಿರುಗಿಸಿಕೊಂಡು ಹೋಗುತ್ತದೆ. ಸದಾಪುಷ್ಪವೂ ಹಾಗೆಯೇ ಬದುಕುತ್ತದೆ. ಮಲ್ಲಿಗೆ, ಕನಕಾಂಬರ, ಸೇವಂತಿಗೆಗಳು ಬೇಲಿ ಗಟ್ಟಿಯಿರುವವರ ಮನೆಯಲ್ಲಿ ಮಾತ್ರ. ಕಾಕಿಯ ಬೇಲಿ ಗಟ್ಟಿಯಿಲ್ಲ. ಆದ್ದರಿಂದ ಅವರ ಶಾಲಿನ ಸಸ್ಯಸಂಪತ್ತು ಎರಡೇ: ಕಣಗಿಲೆ ಮತ್ತು ಒಂಟಿಸುತ್ತಿನ ನಂದಿಬಟ್ಟಲು.

ಇವೆರಡೂ ಒಂದೇ ಕುಟುಂಬದ ಗಿಡಗಳು. ಎರಡಕ್ಕೂ ಐದೆಸಳು, ಯಾವುದನ್ನು ಮುರಿದರೂ ಅಂಟುರಸ. ಆದರೆ ಎಸಳುಗಳನ್ನು ನಿಧಾನವಾಗಿ ನೋಡಿ. ಒಂದರ ಅಂಚಿನ ಮೇಲೆ ಇನ್ನೊಂದು ಏರಿ, ಗಿರಿಗಟ್ಟೆಯ ಹಾಗೆ ತಿರುಚಿಕೊಂಡಿರುತ್ತವೆ. ನಂದಿಬಟ್ಟಲು ಒಂದು ದಿಕ್ಕಿಗೆ ತಿರುಚಿದರೆ ಕಣಗಿಲೆ ಅದರ ಎದುರು ದಿಕ್ಕಿಗೆ. ದಾಯಾದಿಗಳಲ್ಲಿ ಇದು ಸಹಜ. ಸಸ್ಯಶಾಸ್ತ್ರದವರು ಈ ಕುಟುಂಬದ ಉಪಪಂಗಡಗಳನ್ನು ಬೇರ್ಪಡಿಸುವಾಗ ಎಸಳಿನ ತಿರುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಹೆಣಿಗೆಯಲ್ಲಿ ತೂತು ಹುಟ್ಟುವುದು ನೂಲನ್ನು ಕಡ್ಡಿಗೆ ಒಂದು ಸುತ್ತು ಹೆಚ್ಚಿಗೆ ಹಾಕಿದಾಗ. ಹಾಗೆ ಹೆಚ್ಚಿದ ಕುಣಿಕೆಗೆ ಪ್ರತಿಯಾಗಿ ಪಕ್ಕದಲ್ಲೆಲ್ಲೋ ಎರಡು ಕುಣಿಕೆಗಳನ್ನು ಒಂದು ಮಾಡಬೇಕು. ಇಲ್ಲವಾದರೆ ಶಾಲು ಅಡ್ಡಾದಿಡ್ಡಿ ಊದಿಕೊಳ್ಳುತ್ತದೆ. ಹೀಗೆ ಕೂಡಿಸುವಾಗ ಎಡಕ್ಕೆ ವಾಲಿಸಬಹುದು, ಬಲಕ್ಕೂ ವಾಲಿಸಬಹುದು. ಎಸಳಿನ ಗೆರೆ ಮೂಡುವುದು ಆ ವಾಲಿಕೆಯಿಂದ. ಇನ್ನು ತ್ರಿಕೋನ ಶಾಲಿಗೆ ನಟ್ಟನಡುವೆ ಒಂದು ಬೆನ್ನುಗೆರೆ ಇರುತ್ತದೆ. ಅದರ ಎಡದ ರೆಕ್ಕೆ ಬಲದ ರೆಕ್ಕೆಯ ಕನ್ನಡಿಬಿಂಬ. ಸಮಸ್ಯೆ ಹೊಳೆಯಿತಲ್ಲ? ಬಲರೆಕ್ಕೆಯಲ್ಲಿ ಸರಿಯಾಗಿ ಮೂಡಿದ ನಂದಿಬಟ್ಟಲು ಎಡರೆಕ್ಕೆಯಲ್ಲಿ ತಿರುಗುಮುರುಗಾಗಿ, ಸೃಷ್ಟಿಯಲ್ಲೇ ಇಲ್ಲದ ಹೂವಾಗುತ್ತದೆ.

ಇದಕ್ಕೆ ನಾವು ಕಂಡುಹಿಡಿದ ಪರಿಹಾರವನ್ನು ಶಹಾಪುರ ಸೂತ್ರವೆಂದು ಕರೆಯಬೇಕಾಗಿ ವಿನಂತಿ. ಬಲಕ್ಕೆ ನಂದಿಬಟ್ಟಲನ್ನು ಹೆಣೆಯಿರಿ. ಎಡಕ್ಕೆ ಅದರ ಬಿಂಬವನ್ನೇ ಹೆಣೆದು ಕಣಗಿಲೆ ಎಂದು ಕರೆಯಿರಿ. ಸಸ್ಯಶಾಸ್ತ್ರಕ್ಕೂ ಹೆಣಿಗೆಗೂ ಏಕಕಾಲಕ್ಕೆ ಸಮಾಧಾನ. ಸಂತೋಷದಿಂದ ಓಡಿಹೋಗಿ ಕಾಕಿಗೆ ವಿವರಿಸಿದೆವು. ಅವರು ಎರಡೂ ರೆಕ್ಕೆಗಳನ್ನು ದಿಟ್ಟಿಸಿ, “ಎರಡೂ ಹೂವಿನಂಗ ಕಾಣ್ತಾವ ಇಲ್ಲೋ?” ಎಂದರು. ಕಾಣುತ್ತವೆ ಎಂದೆವು. “ಮತ್ತೇನ್ ಹಂಗಾರ,” ಎಂದು ಮುಂದಿನ ಸಾಲಿಗೆ ಹೋದರು.

ಹೂವಿನಂಗ ಕಾಣುವುದು ಎಂದರೇನು? ಶಾಲನ್ನು ಮಡಿಲಲ್ಲಿಟ್ಟು ನೋಡಿದರೆ ಮುದ್ದೆಯಾದ ನೂಲು, ಅಷ್ಟೇ. ಬೆಳಕಿಗೆ ಹಿಡಿದಾಗ ಹೂ ಮೂಡುತ್ತದೆ. ನೂಲಿರುವ ಕಡೆಯಲ್ಲ, ಇಲ್ಲದ ಕಡೆ. ಇಲ್ಲದ್ದನ್ನು ಇದೆಯೆಂದು ನೋಡುವ ಈ ವಿದ್ಯೆ ಶಹಾಪುರದವರಿಗೆ ಹುಟ್ಟಿನಿಂದ ಬಂದದ್ದು. ಊರ ಬೆಟ್ಟದ ಸಾಲನ್ನು ತಕ್ಕ ದೂರದಿಂದ ನೋಡಿದರೆ ಹಣೆ, ಮೂಗು, ಎದೆಯ ಮೇಲಿನ ಕೈ ಎಲ್ಲವೂ ಸೇರಿ ಮಲಗಿದ ಬುದ್ಧ ಕಾಣುತ್ತಾನೆ. ಹತ್ತಿರ ಹೋದರೆ ಬಂಡೆ. ಬಂಡೆಯ ಅಂಚಿಗೂ ಆಕಾಶಕ್ಕೂ ನಡುವೆ ಇರುವ ಗೆರೆಯಷ್ಟೇ ಬುದ್ಧ. ದಿನಾ ಬಸ್ಸಿನ ಕಿಟಕಿಯಿಂದ ಆ ಗೆರೆ ನೋಡಿ ಪಳಗಿದ ಕಣ್ಣಿಗೆ ಹದಿನೈದು ತೂತುಗಳಲ್ಲಿ ಕಣಗಿಲೆ ಕಾಣುವುದು ಯಾವ ಮಹಾ? ಮೂಲದ ಪ್ರಶ್ನೆಯಲ್ಲಿ ಸೋತ ನಾವು ನೋಟದ ಪ್ರಶ್ನೆಯಲ್ಲಿ ಗೆದ್ದೆವೆಂದೇ ಭಾವಿಸಿದ್ದೇವೆ.

ಗಣಿತದ ಒಂದು ಟಿಪ್ಪಣಿ ಅನಿವಾರ್ಯ. ಈ ಶಾಲು ಕತ್ತಿನ ಹಿಂಭಾಗದ ನಡುಬಿಂದುವಿನಿಂದ ಹುಟ್ಟುತ್ತದೆ. ಮೂರು ಕುಣಿಕೆಗಳ ಪುಟ್ಟ ಪಟ್ಟಿ ಹೆಣೆದು, ಅದರ ಅಂಚುಗಳಿಂದ ಮತ್ತಷ್ಟು ಎತ್ತಿಕೊಂಡು ಒಂಬತ್ತು ಮಾಡುತ್ತಾರೆ. ಆಮೇಲೆ ಒಂದು ಸಾಲು ಬಿಟ್ಟು ಒಂದು ಸಾಲಿಗೆ ನಾಲ್ಕು ಕುಣಿಕೆ ಹೆಚ್ಚುತ್ತವೆ: ಎರಡು ಅಂಚುಗಳಲ್ಲಿ, ಎರಡು ಬೆನ್ನುಗೆರೆಯ ಅಕ್ಕಪಕ್ಕ. ಹೀಗೆ 30 ಸಲ ಹೆಚ್ಚಿಸಿದಾಗ ಕಡ್ಡಿಯ ಮೇಲೆ 129 ಕುಣಿಕೆ, 60 ಸಲಕ್ಕೆ 249. ಅಂದರೆ ಸಾಲುಗಳ ಲೆಕ್ಕದಲ್ಲಿ ಅರ್ಧ ದಾರಿ ಬಂದಾಗ ನೂಲಿನ ಲೆಕ್ಕದಲ್ಲಿ ಆಗಿರುವುದು ನೂರಕ್ಕೆ 27 ಪಾಲು. “ಅರ್ಧ ಆಗ್ಯದ” ಎಂದು ಕಾಕಿ ಹೇಳಿದ ದಿನ ಕಾಲು ಭಾಗದ ಮೇಲೆ ಚೂರು ಆಗಿತ್ತು. ನಮ್ಮ ಭಾಗದ ಕಾಲುವೆ, ರಸ್ತೆ ಕಾಮಗಾರಿಗಳ ಪ್ರಗತಿ ವರದಿಯನ್ನು ಓದಿದವರಿಗೆ ಈ ಪ್ರಮೇಯ ಹೊಸದಲ್ಲ. ಅವುಗಳೂ ತ್ರಿಕೋನಾಕಾರದವೆಂದು ಈಗ ತಿಳಿಯಿತು.

ಹೆಣೆದು ಮುಗಿದ ಶಾಲು ನೋಡಲು ಬೇಜಾರಿನ ವಸ್ತು. ಅದನ್ನು ನೆನೆಸಿ, ಹಿಂಡದೆ ನೀರಿಳಿಸಿ, ಎಳೆದು ಬಿಗಿದು, ಸೂಜಿ ಚುಚ್ಚಿ ಒಣಗಿಸಬೇಕು. ತೂತು ಕಣ್ಣು ಬಿಡುವುದು ಆಗಲೇ. ಕಾಕಿ ಹೊರಸಿನ ಮೇಲೆ ಹಳೆ ಕೌದಿ ಹಾಸಿ, ಸೂಜಿಯ ಬದಲು ಜಾಲಿಮುಳ್ಳು ಚುಚ್ಚಿದರು. ಅಕ್ರಿಲಿಕ್ ನೀರಿಗೆ ಬಗ್ಗುವ ಜಾತಿಯಲ್ಲ, ಅದಕ್ಕೆ ಹಬೆ ಬೇಕು ಎಂದು ನಾವು ಪುಸ್ತಕದ ಮಾತು ಹೇಳಿದೆವು. ಅವರು ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು ಹಬೆ ಹಿಡಿದರು. ಶಾಲಿನಿಂದ ಮೂರು ದಿನ ಉದ್ದಿನ ವಾಸನೆ ಹೋಗಲಿಲ್ಲ.

ಕೊನೆಗೆ ಪ್ರಯೋಗ. ಊರಿನ ಒಂದು ಸಮಾರಂಭದಲ್ಲಿ ಅತಿಥಿಯೊಬ್ಬರಿಗೆ ಈ ಶಾಲನ್ನೇ ಹೊದಿಸಲಾಯಿತು. ನೇರ ಅಂಚು ಹೆಗಲ ಮೇಲೆ, ಚೂಪು ತುದಿ ಬೆನ್ನ ಮೇಲೆ. ಎಲ್ಲ ಹೂಗಳೂ ಬೆನ್ನಿಗೆ. ಸಭೆ ಎದುರಿಗಿತ್ತು. ನಂದಿಬಟ್ಟಲು ಯಾವುದು, ಕಣಗಿಲೆ ಯಾವುದು ಎಂದು ಪರೀಕ್ಷಿಸುವ ಅವಕಾಶ ಸಿಕ್ಕಿದ್ದು ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಕೈಮುಗಿದು ನಿಂತಿದ್ದ ಮುಖಂಡರಿಗೆ ಮಾತ್ರ. ಅತಿಥಿಗಳು ಹಣ್ಣಿನ ಬುಟ್ಟಿಯನ್ನು ಕಾರಿಗೆ ಒಯ್ದರು, ಶಾಲನ್ನು ಕುರ್ಚಿಯ ಮೇಲೆಯೇ ಬಿಟ್ಟರು. ನಮಗೆ ನೋವಾಯಿತು. ಕಾಕಿ ಅದನ್ನು ಜಾಡಿಸಿ ಮಡಚಿ ಮನೆಗೆ ತಂದರು.

ಈಗ ಆ ಶಾಲು ಅವರ ಮಾಳಿಗೆಯ ಮೇಲಿದೆ. ಬಿಸಿಲಿಗೆ ಹಾಕಿದ ಸಂಡಿಗೆಯ ಮೇಲೆ ಅದನ್ನು ಹೊದಿಸಿ, ಮೂರೂ ಮೂಲೆಗೆ ಕಲ್ಲು ಹೇರಿದ್ದಾರೆ. ಗಾಳಿ, ಬಿಸಿಲು ಒಳಗೆ ಇಳಿಯುತ್ತವೆ, ಕಾಗೆಯ ಕೊಕ್ಕು ಇಳಿಯುವುದಿಲ್ಲ. ತೂತಿನ ಅಗಲಕ್ಕೂ ಕೊಕ್ಕಿನ ಅಗಲಕ್ಕೂ ಇರುವ ಅನುಪಾತದ ಕುರಿತು ಎರಡನೇ ಹಂತದ ಅಧ್ಯಯನಕ್ಕೆ ಅನುದಾನ ಕೋರಿ ಅರ್ಜಿ ಸಿದ್ಧವಾಗಿದೆ. ಫಲಾನುಭವಿಯ ಅಭಿಪ್ರಾಯವೆಂಬ ಕಾಲಮ್ಮು ಖಾಲಿ ಉಳಿದದ್ದರಿಂದ ಕಾಕಿಯನ್ನು ಕೇಳಿದೆವು. ಅವರು ಹೇಳಿದ್ದನ್ನು ಹಾಗೆಯೇ ತುಂಬಿದ್ದೇವೆ: “ಮುಂದಿನದು ಚೌಕ ಹಾಕ್ತೀನಿ. ಇದಕ್ಕ ಒಂದು ಮೂಲಿ ಕಮ್ಮಿ ಬಿದ್ದದ, ಆ ಕಡಿ ಸಂಡಿಗಿ ಎಲ್ಲಾ ಕಾಗಿ ತಿಂದಾವ.”