ಮಸ್ತ್ ಅದ ನೋಡ್ರಿ

ವಾಡಿ ಜಂಕ್ಷನ್ನಿನಲ್ಲಿ ಇಳಿದವರು ಚಹಾ ಕುಡಿದು ‘ಚೆನ್ನಾಗಿದೆ’ ಎಂದರೆ ಅಂಗಡಿಯವನಿಗೆ ಸಪ್ಪೆ ಅನಿಸುತ್ತದೆ. ‘ಮಸ್ತ್ ಅದ’ ಅನ್ನಬೇಕು!

ಇಂಗ್ಲಿಷ್ ಮಾತಿನ ಹುಡುಗರಿಗೆ ಎಲ್ಲವೂ ‘ಆಸಮ್’. ಚಿತ್ತಾಪುರ, ಶಹಾಬಾದ್ ಕಡೆ ಆ ಒಂದು ಪದದ ಜಾಗಕ್ಕೆ ಸಂತೆಯೇ ನೆರೆದಿದೆ: ಚೊಲೊ, ಭಾರಿ, ಮಸ್ತ್, ಜಬರ್ದಸ್ತ್, ಖಡಕ್. 1948ರಲ್ಲಿ ಈ ಭಾಗದಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ಅವರ ಕಚೇರಿಯ ಉರ್ದುವಿನಿಂದ ಬಂದ ಹೊಗಳಿಕೆ ಉಳಿಯಿತು. ಪಾರಸಿಯಲ್ಲಿ ಮಸ್ತ್ ಎಂದರೆ ಅಮಲೇರಿದ. ಆನೆಯ ಮದಕ್ಕೆ ಇಂಗ್ಲಿಷರು ಎರವಲು ಪಡೆದದ್ದೂ ಇದೇ ಪದ. ಅಂದರೆ ಬೀಗರ ಮನೆಯ ಹೋಳಿಗೆ ಮಸ್ತ್ ಎಂದವರು, ಪಾಪ, ಅದಕ್ಕೆ ಕುಡುಕಪಟ್ಟ ಕಟ್ಟಿದಂತಾಯಿತು. ಜಬರ್ದಸ್ತ್ ಮಾತ್ರ ಸಭ್ಯ: ‘ಜಬರ್’ ಮೇಲು, ‘ದಸ್ತ್’ ಕೈ. ನಮ್ಮ ‘ಮೇಲುಗೈ’ಯೇ ಪಠಾಣ ಪೈಜಾಮ ತೊಟ್ಟು ಬಂದಂತೆ.

ಇವುಗಳಲ್ಲಿ ದುಡಿಯುವ ಎತ್ತು ಖಡಕ್. ಸೇಡಂನಲ್ಲಿ ಒಣಗಿಸಿಟ್ಟ ಜೋಳದ ರೊಟ್ಟಿ ಖಡಕ್, ಪುಡಿ ಜಾಸ್ತಿ ಹಾಕಿ ಕುದಿಸಿದ ಚಹಾ ಖಡಕ್, ಲಂಚ ಮುಟ್ಟದ ಸಾಹೇಬರೂ ಖಡಕ್. ಮೊದಲನೆಯದು ಮುರಿಯುತ್ತದೆ, ಎರಡನೆಯದು ಎಬ್ಬಿಸುತ್ತದೆ, ಮೂರನೆಯವರಿಗೆ ವರ್ಗವಾಗುತ್ತದೆ.

ಚಿಂಚೋಳಿಯವರು ‘ಭಯಂಕರ ಚೊಲೊ’ ಎಂದರೆ ಬೆಂಗಳೂರಿನವರು ನಗುವಂತಿಲ್ಲ. ‘ಆಸಮ್’ನ ಬೇರಿನಲ್ಲೂ ಭಯವೇ ಇದೆ. ಕನ್ನಡದೊಳಗೇ ಹಲವು ಕನ್ನಡಗಳಿವೆ ಎಂದು ಒಂಬತ್ತನೇ ಶತಮಾನದಲ್ಲೇ ಗುರುತಿಸಿದ ‘ಕವಿರಾಜಮಾರ್ಗ’ ಹುಟ್ಟಿದ್ದು ರಾಷ್ಟ್ರಕೂಟರ ಆಸ್ಥಾನದಲ್ಲಿ. ಅವರ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ಇರುವುದು ಇದೇ ಸೇಡಂ ತಾಲ್ಲೂಕಿನಲ್ಲಿ.