ಮೃದುರಗ್ಗು ಕ್ಷಾಲನ ಮೀಮಾಂಸೆ

ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳದೆ ಯಾವ ಶಾಸ್ತ್ರವನ್ನೂ ಆರಂಭಿಸಬಾರದೆಂಬುದು ಪ್ರಾಚೀನರ ಕಟ್ಟಳೆ. ಪ್ರಕೃತ ಗ್ರಂಥದ ವಿಷಯ, ಡಬಲ್ ಕಾಟಿನ ಮೆತ್ತನೆಯ ರಗ್ಗು. ಪ್ರಯೋಜನ, ಚಳಿಗಾಲವಿಡೀ ಅದರಲ್ಲಿ ಸಂಚಿತವಾದ ಬೆವರು, ತಲೆಯೆಣ್ಣೆ ಹಾಗೂ ಕೋಡುಬಳೆ ಪುಡಿಯ ನಿವೃತ್ತಿ. ಸಂಬಂಧ, ಗಂಡ-ಹೆಂಡಿರದು, ಅದು ಉಳಿಯುತ್ತದೋ ಇಲ್ಲವೋ ಹಿಂಡುವಾಗ ತಿಳಿಯುತ್ತದೆ. ಅಧಿಕಾರಿ, ಮಂಡಿ ಗಟ್ಟಿಯಿದ್ದು ಟ್ಯಾಂಕು ತುಂಬಿರುವ ಗೃಹಸ್ಥ. ಬಾಡಿಗೆದಾರನಾದರೆ ತಾರಸಿಗೆ ಓನರ್ ಆಂಟಿಯ ಅನುಜ್ಞೆ ಕಡ್ಡಾಯ.

ಕಾಲನಿರ್ಣಯ

ಉತ್ತರ ಕರ್ನಾಟಕದವರು ನವರಾತ್ರಿಗೆ ಮುಂಚೆ ಹಾಸಿಗೆ-ಹೊದಿಕೆಗಳನ್ನೆಲ್ಲ ಗಂಟು ಕಟ್ಟಿಕೊಂಡು ಹಳ್ಳಕ್ಕೋ ಹೊಳೆಗೋ ಹೋಗುತ್ತಾರೆ. ಈ ಕಡೆಯವರು ಶಿವರಾತ್ರಿಗೆ ಚಳಿ ಶಿವಶಿವಾ ಎಂದ ಮೇಲೆ, ಯುಗಾದಿಗೆ ಮುಂಚೆ ಎನ್ನುತ್ತಾರೆ. ನಲ್ಲಿಯಲ್ಲಿ ನೀರು ಬರುವ ದಿನವೇ ಪರ್ವಕಾಲವೆಂಬುದು ಉಭಯಸಮ್ಮತ.

ಲಕ್ಷಣ

ಚಳ್ಳಕೆರೆಯ ಕಂಬಳಿ ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ಹುಣಸೆಬೀಜದ ಗಂಜಿ ಕೊಟ್ಟು ಗಡುಸು ಮಾಡಿರುವುದರಿಂದ ಮೃದುತ್ವವೆಂಬ ಲಕ್ಷಣವೇ ಅಸಿದ್ಧ. ಮೆತ್ತನೆಯ ಉಣ್ಣೆಯ ರಗ್ಗಿಗಾದರೋ ವಿಶೇಷ ನಿಷೇಧಗಳಿವೆ. ಉಣ್ಣೆಯ ಎಳೆಯ ಮೇಲೆ ಮೀನಿನ ಮೈಯಂತೆ ಸೂಕ್ಷ್ಮ ಹುರುಪೆಗಳಿರುತ್ತವೆ. ಬಿಸಿನೀರು, ಸೋಡ, ತಿಕ್ಕಾಟ ಮೂರೂ ಸೇರಿದರೆ ಅವು ಒಂದರೊಳಗೊಂದು ಸಿಕ್ಕಿಕೊಂಡು, ಡಬಲ್ ಕಾಟಿನ ರಗ್ಗು ತೊಟ್ಟಿಲಿನದಾಗಿ ಮರುಹುಟ್ಟು ಪಡೆಯುತ್ತದೆ. ಹಿಂದಿನ ಜನ್ಮಕ್ಕೆ ಮರಳುವ ದಾರಿಯಿಲ್ಲ.

ನಮ್ಮ ಮನೆಗಳ ರಗ್ಗು ಬಹುತೇಕ ಪಾಲಿಯೆಸ್ಟರಿನದು. ಮೇಲೆ ಹುಲಿಯಿದ್ದರೆ ವ್ಯಾಘ್ರಜಾತಿ, ಗುಲಾಬಿಯಿದ್ದರೆ ಪುಷ್ಪಜಾತಿ. ಇಂಥವಕ್ಕೆ ಹೆಸರಾದ ಊರು ಹರಿಯಾಣದ ಪಾನಿಪತ್. ಅಲ್ಲಿ 1526, 1556, 1761ರಲ್ಲಿ ಮೂರು ಯುದ್ಧಗಳಾದವೆಂದು ಚರಿತ್ರಕಾರರು ಬರೆದಿದ್ದಾರೆ. ನಾಲ್ಕನೆಯದು ನಮ್ಮ ತಾರಸಿಗಳ ಮೇಲೆ ನಡೆಯುತ್ತಿರುವುದು ಅವರ ಗಮನಕ್ಕೆ ಬಂದಿಲ್ಲ.

ಕ್ರಿಯಾಕಾಂಡ

ಉಗುರುಬೆಚ್ಚಗಿನ ನೀರಿನಲ್ಲಿ ಮೊದಲು ಸೋಪಿನ ಪುಡಿ ಕರಗಬೇಕು, ಅನಂತರ ರಗ್ಗು ಮುಳುಗಬೇಕು. ಕ್ರಮ ತಪ್ಪಿದರೆ ಪುಡಿ ರೋಮಗಳ ಬುಡದಲ್ಲಿ ಠಿಕಾಣಿ ಹೂಡುತ್ತದೆ. ಅರ್ಧ ಗಂಟೆ ನೆನೆಸುವುದು ವಿಹಿತ. ಬ್ರಷ್ಷು ನಿಷಿದ್ಧ, ರೋಮ ಗಂಟುಕಟ್ಟುತ್ತದೆ. ಒಗೆಯುವ ಕಲ್ಲಿಗೆ ಎತ್ತಿ ಬಡಿಯುವುದೂ ನಿಷಿದ್ಧ. ಎತ್ತಲು ಯಾರಿಂದಲೂ ಆಗದ ಕಾರಣ ಈ ನಿಷೇಧವನ್ನು ಇದುವರೆಗೆ ಯಾರೂ ಮೀರಿಲ್ಲ. ಟಬ್ಬಿಗಿಳಿದು ತುಳಿಯುವುದೇ ಶ್ರೇಷ್ಠ. ಈ ಕರ್ಮಕ್ಕೆ ಮಕ್ಕಳು ಕರೆಯದೆಯೇ ಬರುತ್ತಾರೆ. ನೊರೆ ಹೋಗುವವರೆಗೆ ಜಾಲಿಸುವ ಹೊತ್ತಿಗೆ ಅವರಿಗೆ ಹೋಂವರ್ಕ್ ನೆನಪಾಗುತ್ತದೆ. ಜಾಲಿಸದೆ ಬಿಟ್ಟರೆ ಉಳಿದ ಸೋಪು ಒಣಗಿ ರಗ್ಗು ಒರಟಾಗುತ್ತದೆ.

ವಾದ

ಪಾಲಿಯೆಸ್ಟರ್ ನೂಲು ಗಾಳಿಯಿಂದ ಹೀರುವ ತೇವ ತನ್ನ ತೂಕದ ಶೇ. 0.4ರಷ್ಟು ಮಾತ್ರ. ಇಂಥ ನಿರ್ಲಿಪ್ತ ವಸ್ತು ಟಬ್ಬಿನಿಂದ ಮೇಲೇಳಲು ಒಪ್ಪದಿರುವುದೇಕೆ? ನೀರು ಬೇರೆ, ರಗ್ಗು ಬೇರೆ, ಹಿಂಡಿದರೆ ಭೇದ ಪ್ರತ್ಯಕ್ಷ ಎಂಬುದು ದ್ವೈತಿಗಳ ಮತ. ಹಿಂಡಿ ಸೋತವರು ಎರಡೂ ಒಂದೇ ಎಂದು ಅದ್ವೈತಕ್ಕೆ ಜಾರುತ್ತಾರೆ. ರಗ್ಗು ಶರೀರ, ನೀರು ಅಂತರ್ಯಾಮಿ ಎಂದು ವಿಶಿಷ್ಟಾದ್ವೈತಿಗಳು. ಸಾಲ ಮಾಡಿಯಾದರೂ ಡ್ರೈಕ್ಲೀನಿಂಗ್‌ಗೆ ಕೊಡಿ ಎಂಬುದು ಚಾರ್ವಾಕ ಪಕ್ಷ.

ಇಲ್ಲಿ ಸಮಾಧಾನ: ನೂಲು ನೀರು ಕುಡಿಯುವುದಿಲ್ಲ, ರೋಮ ರೋಮಗಳ ಸಂದಿನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಹಿಡಿದ ಪ್ರತಿ ಲೀಟರಿಗೂ ಒಂದು ಕಿಲೋ ಭಾರ. ಕೊಳೆ ಬಿಡಿಸುವ ಕೆಲಸವನ್ನು ಸೋಪು ಮಾಡಿ ಮುಗಿಸಿರುತ್ತದೆ, ಮನುಷ್ಯನಿಗೆ ಉಳಿದದ್ದು ನೀರು ಬಿಡಿಸುವುದು. ಆದ್ದರಿಂದ ರಗ್ಗು ಒಗೆಯುವುದೆಂದರೆ ನೀರು ತೆಗೆಯುವುದೇ ಎಂದು ಸಿದ್ಧಾಂತ.

ಹಿಂಡುವ ವಿಧಿ ಹೀಗೆ. ಎದುರುಬದುರು ನಿಂತ ಇಬ್ಬರಲ್ಲಿ ಒಬ್ಬರು ತಮ್ಮ ಬಲಕ್ಕೆ ತಿರುಚಿದರೆ ಮತ್ತೊಬ್ಬರೂ ತಮ್ಮ ಬಲಕ್ಕೇ ತಿರುಚಬೇಕು. ಎದುರಿನವರು ಎಡಕ್ಕೆ ತಿರುಚಿದರೆ ರಗ್ಗು ಸುಮ್ಮನೆ ಉರುಳುತ್ತದೆ, ಹನಿಯೂ ಬೀಳದು. ಇಬ್ಬರೂ ತಂತಮ್ಮ ಪಟ್ಟು ಬಿಡದಿದ್ದರಷ್ಟೇ ಕೆಲಸವಾಗುವ ಪ್ರಸಂಗ ದಾಂಪತ್ಯದಲ್ಲಿ ಇದೊಂದೇ. ಉಣ್ಣೆಯದನ್ನು ಮಾತ್ರ ತಿರುಚದೆ ಒತ್ತಿ ನೀರು ತೆಗೆಯಬೇಕು. ಮಿಕ್ಕಿದ್ದನ್ನು ನ್ಯೂಟನ್ನನ ಗುರುತ್ವಾಕರ್ಷಣೆಗೆ ಬಿಟ್ಟು, ಪ್ಯಾರಾಪೆಟ್ಟಿನ ಮೇಲೆ ಹರವಿ, ತೊಟ್ಟಿಕ್ಕುವುದು ನಿಂತ ಮೇಲೆ ತಂತಿಗೆ ಹಾಕುವುದು. ಮೊದಲೇ ತಂತಿಗೆ ಹಾಕಿದವರಿಗೆ ತಂತಿಯೂ ಇಲ್ಲ, ರಗ್ಗೂ ಇಲ್ಲ.

ಫಲಶ್ರುತಿ

ಈ ಮೀಮಾಂಸೆಯನ್ನು ಭಕ್ತಿಯಿಂದ ಓದಿದವರಿಗೆ ಪಾಂಡಿತ್ಯ ಲಭಿಸುತ್ತದೆ. ಓದುವುದನ್ನು ನಿಲ್ಲಿಸಿ, ಎದ್ದು ಹೋಗಿ ಇನ್ನೊಂದು ತುದಿ ಹಿಡಿದವರಿಗೆ ರಾತ್ರಿ ಊಟ ಲಭಿಸುತ್ತದೆ.